ಅಂಗನವಾಡಿಗೆ ಕಲ್ಲು ಬಿದ್ದ ದಿನ

ನನ್ನ ಅಪ್ಪ ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯ ಕಥೆ ಕೇಳಿದವರೆಲ್ಲ "ಕುಡಿತವಾ?" ಎಂದು ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಗಲ್ಫಿನಲ್ಲಿ ವೆಲ್ಡರ್ ಆಗಿದ್ದವನು ಕೆಲಸ ಕಳೆದುಕೊಂಡು ಮಂಗಳೂರಿನ ಬೋಳಾರದ ಬಾಡಿಗೆ ಮನೆಗೆ ವಾಪಸು ಬಂದಾಗ ನನಗೆ ಒಂಬತ್ತು ವರ್ಷ, ತಂಗಿಗೆ ಮೂರು. ಅಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಹೆಂಡತಿಯ ದುಡಿಮೆಯ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊಟದ ಹೊತ್ತಿಗೇ ಅವನ ಕೈ ಏಳುತ್ತಿತ್ತು. ಬಟ್ಟಲು, ಬೆಲ್ಟು, ಚಪ್ಪಲಿ, ಸಿಕ್ಕಿದ್ದರಿಂದ ಹೊಡೆಯುತ್ತಿದ್ದ. ಒಮ್ಮೆ ಅಮ್ಮನ ಕೂದಲು ಹಿಡಿದು ಮುಖವನ್ನು ಅರೆಯುವ ಕಲ್ಲಿಗೆ ಜಜ್ಜಿದ. ಮರುದಿನ ಅವಳು ಮಾಸ್ಕ್ ಹಾಕಿಕೊಂಡು ಡ್ಯೂಟಿಗೆ ಹೋದಳು. ಅಲ್ಲಿ ಎಲ್ಲರೂ ಮಾಸ್ಕ್ ಹಾಕುವವರೇ. ಯಾರೂ ಏನೂ ಕೇಳಲಿಲ್ಲ.

ಕಲ್ಲು ಬಿದ್ದದ್ದರ ಹಿಂದಿನ ದಿನ ಭಾನುವಾರ. ಇಗರ್ಜಿಯಿಂದ ಬಂದವರು ನಾವು ಬಟ್ಟೆಯನ್ನೂ ಬದಲಿಸಿರಲಿಲ್ಲ. ಅಮ್ಮ ಬೆಳಿಗ್ಗೆಯೇ ಬೇಯಿಸಿಟ್ಟಿದ್ದ ಕುಚ್ಚಲಕ್ಕಿ ಗಂಜಿಯನ್ನು ಮತ್ತೆ ಕುದಿಸಿ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ್ದಳಷ್ಟೆ. ಪೂಜೆ ಮುಗಿದ ಮೇಲೆ ಅವಳು ನೆರೆಯ ಹೆಂಗಸಿನೊಡನೆ ನಿಂತು ಮಾತಾಡಿದ್ದನ್ನು ಅಪ್ಪ ನೋಡಿದ್ದ.

"ನನ್ನ ಮರ್ಯಾದೆ ತೆಗೀಲಿಕ್ಕೆ ನಿಂತದ್ದಲ್ವಾ ನೀನು?"

ಅಮ್ಮ ಉತ್ತರ ಕೊಡುವ ಮೊದಲೇ ಅವನು ಪಾತ್ರೆಯನ್ನು ಒದ್ದ. ಅಮ್ಮನ ಹಿಂದೆ ಸೀರೆ ಹಿಡಿದು ನಿಂತಿದ್ದ ತಂಗಿಯ ಕಾಲ ಮೇಲೆ ಗಂಜಿ ಬಿತ್ತು. ಬಿಳಿ ಕಾಲುಚೀಲವನ್ನು ಎಳೆದಾಗ ಅದರ ಜೊತೆ ಚರ್ಮವೂ ಬಂತು. ಅಪ್ಪ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕುಳಿತ. ಆಸ್ಪತ್ರೆಗೆ ಹೋಗುವ ಮಾತೆತ್ತಿದರೆ ಇನ್ನೊಂದು ಕಾಲನ್ನೂ ಸುಡುತ್ತೇನೆ ಎಂದ.

ಸೋಮವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ಅಮ್ಮ ತಂಗಿಯನ್ನು ಎತ್ತಿಕೊಂಡು ಓಡಿದಳು. ಓಣಿಯ ಕೊನೆಯಲ್ಲಿದ್ದ ಅಂಗನವಾಡಿಯ ಬಾಗಿಲು ತೆರೆದಿತ್ತು. ತಂಗಿ ದಿನಾ ಹೋಗುತ್ತಿದ್ದ ಜಾಗ ಅದು. ನಾನೂ ಹಿಂದೆಯೇ ಓಡಿದೆ. ಅಲ್ಲಿನ ಟೀಚರ್ ತುಳು ಮಾತಾಡುವ, ಸಣಕಲು ದೇಹದ, ದಪ್ಪ ದನಿಯ ಹೆಂಗಸು. ತಂಗಿಯ ಕಾಲು ನೋಡಿ ಅವರ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಎಂತ ಆದದ್ದು ಇದು?"

"ಗಂಜಿ ಚೆಲ್ಲಿತು ಟೀಚರ್," ಎಂದಳು ಅಮ್ಮ.

"ಪಪ್ಪ ಒದ್ದದ್ದು," ಎಂದೆ ನಾನು.

ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಟೀಚರ್ ಬಾಗಿಲಿಗೆ ಚಿಲಕ ಹಾಕಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು.

ಅವರು ಮಾತು ಮುಗಿಸುವಷ್ಟರಲ್ಲಿ ಅಪ್ಪ ಬಂದ. ಕೂದಲಿನಿಂದ ನೀರು ಇಳಿಯುತ್ತಿತ್ತು. ಮೊದಲು ಮೆತ್ತಗೆ ಕರೆದ.

"ಟೀಚರ್, ನನ್ನ ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿ."

"ಕಳಿಸ್ಲಿಕ್ಕೆ ಆಗುದಿಲ್ಲ. ಫೋನ್ ಮಾಡಿದ್ದೇನೆ, ಅವರು ಬರ್ತಾರೆ. ಅವರ ಹತ್ತಿರ ಹೇಳಿ."

ಕೆಂಪುಕಲ್ಲಿನ ತುಂಡೊಂದು ಕಿಟಕಿ ಒಡೆದು ಒಳಗೆ ಬಿತ್ತು. ಮಕ್ಕಳ ಉಪ್ಪಿಟ್ಟಿನ ಮೇಲೆಲ್ಲ ಗಾಜು. ಟೀಚರ್ ನಮ್ಮನ್ನೂ ಉಳಿದ ಮಕ್ಕಳನ್ನೂ ಅಕ್ಕಿಚೀಲ ಇಡುವ ಕೋಣೆಗೆ ತಳ್ಳಿ, ತಾವು ಹೊರಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಾನು ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಚಿಲಕ ಕಿತ್ತು ಬಂತು. ಕಬ್ಬಿಣದ ಸರಳು ಹಿಡಿದ ಕೈ ಒಳಗೆ ತೂರಿತು, ಸರಳು ಟೀಚರರ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಅವರು ಮೈಭಾರವನ್ನೆಲ್ಲ ಹಾಕಿ ಬಾಗಿಲನ್ನು ಆ ಕೈಯ ಮೇಲೇ ಒತ್ತಿಹಿಡಿದರು. ಅಪ್ಪ ಕಿರುಚಿದ. ಅವನು ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಸಂತೋಷವಾಯಿತು.

ಆಮೇಲಷ್ಟೇ ಓಣಿಯ ಗಂಡಸರು ಬಂದು ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ಪೊಲೀಸರು ಬಂದರು. ಅವರ ಜೊತೆ ಜೀಪಿನಲ್ಲಿ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ, ಒಬ್ಬ ಹೆಂಗಸು, ಬಂದಿದ್ದರು. ತಂಗಿಯನ್ನೂ ಅಮ್ಮನನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ನನ್ನನ್ನು ಇಟ್ಟುಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಹೆಣ್ಣುಮಕ್ಕಳ ಬಾಲಮಂದಿರಕ್ಕೆ ಹೋಗಬೇಕು ಎಂದಾಗ ನಾನು ಆ ಅಧಿಕಾರಿಯ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ.

"ಕಚ್ಚು ಮಗಾ," ಎಂದರು ಅವರು, ಕೈ ಬಿಡಿಸಿಕೊಳ್ಳದೆ. "ಕಚ್ಚಿ ಆದ ಮೇಲೆ ಜೀಪು ಹತ್ತು."

ಬಾಲಮಂದಿರದಲ್ಲಿ ನನ್ನ ದಿಂಬು ಮುಟ್ಟಿದಳೆಂದು ಒಬ್ಬ ಹುಡುಗಿಯ ಹಣೆಗೆ ಸ್ಟೀಲ್ ಲೋಟದಿಂದ ಹೊಡೆದೆ. ಹೊಲಿಗೆ ಹಾಕಬೇಕಾಯಿತು. ಅದಕ್ಕೆ ನನಗೂ ಪೆಟ್ಟು ಬೀಳುತ್ತದೆ ಎಂದು ಗೋಡೆ ಮೂಲೆಯಲ್ಲಿ ತಲೆ ಮುಚ್ಚಿಕೊಂಡು ಕುಳಿತೆ. ಊಟದ ಗಂಟೆ ಹೊಡೆಯಿತು. ಯಾರೂ ಹೊಡೆಯಲು ಬರಲಿಲ್ಲ. ಅದು ನನ್ನನ್ನು ಪೆಟ್ಟಿಗಿಂತ ಹೆಚ್ಚು ಹೆದರಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ಕಳ ಕಲ್ಯಾಣ ಸಮಿತಿಯವರು ನನ್ನನ್ನು ಕರೆಸಿದರು. "ಮನೆಗೆ ಹೋಗ್ತೀಯಾ?" ಎಂದು ಕೇಳಿದರು.

"ಯಾವ ಮನೆಗೆ?" ಎಂದೆ.

ಆ ಅಧಿಕಾರಿ ಸುರತ್ಕಲ್ಲಿನಲ್ಲಿ ಒಂದು ಕೋಣೆ ಹುಡುಕಿದ್ದರು, ಹತ್ತಿರದ ಆಸ್ಪತ್ರೆಯಲ್ಲಿ ಅಮ್ಮನಿಗೆ ಕೆಲಸವನ್ನೂ. ನಾವು ಅಮ್ಮನ ಜೊತೆಗೇ ಇದ್ದು ಓದಲಿಕ್ಕೆ ಸರ್ಕಾರದಿಂದ ತಿಂಗಳ ಸಹಾಯ ಮಂಜೂರಾಗಿತ್ತು. ಟೀಚರ್ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. ಅವರ ಒಂದು ಭುಜ ಇಳಿದೇ ಇತ್ತು. ಅಪ್ಪ ಜೈಲಿಗೆ ಹೋದ.

ಶಿಕ್ಷೆ ಮುಗಿಸಿ ಹೊರಗೆ ಬಂದವನು ನಮ್ಮನ್ನು ಹುಡುಕಿಕೊಂಡು ಬಂದ. ಸುರತ್ಕಲ್ ಬಸ್‌ಸ್ಟ್ಯಾಂಡಿನಲ್ಲಿ, ಹಾಡುಹಗಲು, ನಮ್ಮಿಬ್ಬರ ಎದುರೇ ಅಮ್ಮನ ಬಾಯಿಗೆ ಗುದ್ದಿದ. ಮುಂದಿನ ಹಲ್ಲುಗಳು ಉದುರಿದವು. ಅಷ್ಟು ಕಾಲ ತುಟಿ ಬಿಚ್ಚದೆ ಪೆಟ್ಟು ತಿಂದವಳು ಆ ದಿನ ರಕ್ತ ಉಗುಳುತ್ತ ಕೂಗಿದಳು. ಮನೆಮಾತಾದ ಕೊಂಕಣಿಯಲ್ಲಲ್ಲ, ಸುತ್ತಲಿದ್ದವರಿಗೆಲ್ಲ ಅರ್ಥವಾಗಲೆಂದು ತುಳುವಿನಲ್ಲಿ. ಬಸ್ಸಿನವರು, ರಿಕ್ಷಾದವರು ಓಡಿಬಂದು ಅವನನ್ನು ಸುತ್ತುವರಿದರು. ಪೊಲೀಸರು ಬರುವವರೆಗೂ ಬಿಡಲಿಲ್ಲ.

ಸಂಜೆ ಆ ಅಧಿಕಾರಿ ಕೋಣೆಗೆ ಬಂದರು. ಅಮ್ಮ ಬಾಯಿಗೆ ಹತ್ತಿ ಒತ್ತಿಕೊಂಡು ಚಾಪೆಯ ಮೇಲೆ ಕುಳಿತಿದ್ದಳು.

"ಬೇರೆ ಊರಲ್ಲಿ ವ್ಯವಸ್ಥೆ ಮಾಡ್ಬಹುದು. ಹೋಗ್ತೀರಾ?"

ಅಮ್ಮ ಹತ್ತಿಯನ್ನು ತೆಗೆದಳು. "ಇಲ್ಲ ಮೇಡಂ. ಈ ಸಲ ಅವರೇ ಹೋಗ್ಲಿ," ಎಂದಳು.