ಬೈಗುಳದ ನಂಟು

ಮೊನ್ನೆ ಭಾನುವಾರ ಅಲಸಂದೆ ಕಾಳು ಬೇಯಲಿಟ್ಟು ಮರೆತುಬಿಟ್ಟಿದ್ದೆ. ನೀರೆಲ್ಲ ಇಂಗಿ, ತಳ ಹಿಡಿದು, ಸೀದ ಕಾಳಿನ ವಾಸನೆ ಅಪಾರ್ಟ್‌ಮೆಂಟಿನ ಕಾರಿಡಾರಿಗೂ ಹರಡಿತು. ಕಿಟಕಿ ತೆರೆಯಲು ಓಡಿದವಳು ಯಾಕೋ ಬಾಗಿಲ ಹತ್ತಿರ ನಿಂತೆ. ಈಗ ಯಾರೋ ಬಾಗಿಲು ಬಡಿಯುತ್ತಾರೆ, ಹೊರಗಿನಿಂದಲೇ ಬೈಯಲು ಶುರುಮಾಡುತ್ತಾರೆ ಅನ್ನಿಸಿತು... ಯಾರೂ ಬರಲಿಲ್ಲ. ಎದುರುಮನೆ ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು.

ಅಜ್ಜಿ ಮೊದಲ ಸಲ ನಮ್ಮ ಬಾಗಿಲು ಬಡಿದದ್ದೂ ಈ ಕಾಳಿನ ವಾಸನೆಗೇ. ಆಗ ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಹೊಸತು. ನಮ್ಮ ಒಗ್ಗರಣೆಯ ಬಗ್ಗೆ ಯಾರೋ ಆಗಲೇ ಮ್ಯಾನೇಜರಿಗೆ ದೂರು ಕೊಟ್ಟಿದ್ದರು. ಬಾಗಿಲು ತೆಗೆದರೆ, ಗಂಜಿ ಹಾಕಿ ಮಿರಿಮಿರಿ ಹೊಳೆಯುವ ನೀಲಿ ನಿಲುವಂಗಿ ತೊಟ್ಟ ಎತ್ತರದ ಹೆಂಗಸು ನಿಂತಿದ್ದರು. "ಕಾಳು ತಿನ್ನೋಳು ನೀನೇನಾ? ಥೂ, ಕಾಳು ತಿನ್ನೋಳೇ," ಅಂದರು. ನನಗೆ ರೇಗಿಹೋಯಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಮಗಳು, ಆಸ್ಪತ್ರೆಯಲ್ಲಿ ನರ್ಸು, ಓಡಿ ಬಂದಳು. "ಬೇಜಾರು ಮಾಡ್ಕೋಬೇಡಿ. ಅಮ್ಮ ನಿಮ್ಮನ್ನ ನೆಂಟರು ಮಾಡ್ಕೊಂಡ್ರು, ಅಷ್ಟೆ," ಅಂದಳು. ನಮ್ಮ ಮಾತೆಲ್ಲ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಜ್ಜಿಯದು ವಯಸ್ಸಾದ ಮೇಲೆ ಕಲಿತ, ನಡುನಡುವೆ ಫ್ರೆಂಚ್ ಬೆರೆಯುವ ಇಂಗ್ಲಿಷು. ಆದರೆ ನನಗೆ ಅದೆಲ್ಲ ನೆನಪಿರುವುದು ಕನ್ನಡದಲ್ಲಿ.

ಅವರ ದೇಶ ಮಾಲಿ, ಪಶ್ಚಿಮ ಆಫ್ರಿಕಾದಲ್ಲಿ. ಅಲ್ಲಿ ಕೆಲವು ಮನೆತನಗಳ ನಡುವೆ ಬೈಗುಳದ ನಂಟು ಇರುತ್ತದೆ. ಎದುರಾದಾಗ ಬೈಯಲೇಬೇಕು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಇನ್ನೂ ಚೆನ್ನಾಗಿ ತಿರುಗಿ ಬೈಯಬೇಕು. ಕಾಳು ತಿನ್ನುವವರು ಎಂಬುದೇ ಅವರಲ್ಲಿ ಎಲ್ಲರಿಗೂ ಒದಗುವ ಬೈಗುಳ. ನಮ್ಮಲ್ಲಿ ಭಾವ-ಮೈದುನರು ಕಾಲೆಳೆಯುತ್ತಾರಲ್ಲ, ಅದು ಇಡೀ ದೇಶಕ್ಕೆ ಹಬ್ಬಿದ್ದರೆ ಹೇಗೋ ಹಾಗೆ. ಯಾರಾದರೂ ಜಗಳವಾಡಿ ಮಾತು ಬಿಟ್ಟರೆ ಒಂದುಮಾಡಲು ಈ ನೆಂಟರೇ ಬರಬೇಕು. ಸಾಮ್ರಾಜ್ಯ ಕಟ್ಟಿದ ರಾಜನೇ ಮಾಡಿದ ಕಟ್ಟಳೆ ಇದು, ನಮ್ಮ ಜನ ಬಡಿದಾಡಿಕೊಂಡು ಸಾಯದಿರಲಿ ಅಂತ, ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು.

ಅಲ್ಲಿ ನದಿ ದಂಡೆಯ ಪಟ್ಟಣವೊಂದರಲ್ಲಿ ಅವರು ಚರಿತ್ರೆಯ ಟೀಚರಾಗಿದ್ದವರು. ನನ್ನ ಗಂಡ ಪಾಲೋ ಆಲ್ಟೋದ ಆಫೀಸಿನಿಂದ ಸೇತುವೆ ದಾಟಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ನನ್ನ ಮಗನಿಗೆ ಅಜ್ಜಿಯ ಪಾಠ. ಕೈರೋದಲ್ಲಿ ಚಿನ್ನದ ಬೆಲೆಯೇ ಕುಸಿಯುವಷ್ಟು ಚಿನ್ನ ಹಂಚಿ ಮೆಕ್ಕಾಗೆ ಹೋದ ರಾಜ, ಒಂಟೆಗಳ ಮೇಲೆ ಪುಸ್ತಕಗಳು ಬರುತ್ತಿದ್ದ ಟಿಂಬಕ್ಟು, ಹತ್ತಿ ಬೆಳೆಯಿರಿ ಅಂದ ಫ್ರೆಂಚರು, ಸ್ವಾತಂತ್ರ್ಯ, ಆಮೇಲೆ ಸಿಪಾಯಿಗಳು, ಆಮೇಲೆ ವೋಟು, ಮತ್ತೆ ಸಿಪಾಯಿಗಳು. "ಸೋ ಮಚ್ ಗೋಲ್ಡ್ ಇದ್ರೆ, ವಾಟ್ ಹ್ಯಾಪನ್ಡ್?" ಎಂದು ಮಗ ಒಮ್ಮೆ ಕೇಳಿದ. "ಚಿನ್ನ ಈಗಲೂ ಇದೆ. ವಿಮಾನದಲ್ಲಿ ಹೋಗುತ್ತೆ. ನಮ್ಮ ಹುಡುಗರು ಆ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸ್ತಾರೆ," ಅಂದರು ಅಜ್ಜಿ. ಅವತ್ತು ಪಾಠ ಅಲ್ಲಿಗೇ ನಿಂತಿತು.

ನನ್ನನ್ನು ಅವರು ಬೈಯುತ್ತಿದ್ದದ್ದು ಹೊತ್ತು ಕಳೆಯಲು. ಅವರ ನಿಜವಾದ ಬೈಗುಳದ ನೆಂಟಳು ಊರಲ್ಲಿದ್ದಳು. ಅಜ್ಜಿಯದು ಬೇಸಾಯಗಾರರ ಮನೆ, ಅವಳದು ದನ ಕಾಯುವವರ ಮನೆ. ಅವಳ ತಾಯಿ ಸೋರೆಬುರುಡೆಯಲ್ಲಿ ಮೊಸರು ಹೊತ್ತು ತಂದು, ಅಜ್ಜಿಯ ತಾಯಿಗೆ ಕೊಟ್ಟು, ಬದಲಿಗೆ ಸಜ್ಜೆ ಒಯ್ಯುತ್ತಿದ್ದಳು. ತಾಯಿಯ ಹಿಂದೆ ಬರುತ್ತಿದ್ದ ಅವಳೂ ಅಜ್ಜಿಯೂ ಬೈದಾಡಿಕೊಂಡೇ ಬೆಳೆದರು. ಅಜ್ಜಿ ಇಲ್ಲಿಗೆ ಬಂದ ಮೇಲೂ ಪ್ರತಿ ಭಾನುವಾರ ಬೆಳಿಗ್ಗೆ ಫೋನು. ಅವರ ನಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. "ಏನಂದ್ರಿ ಅಜ್ಜಿ ಇವತ್ತು?" ಎಂದರೆ, "ನಿನ್ನ ಹಾಲಲ್ಲಿ ಇಡೀ ನದಿ ಇದೆ ಅಂದೆ. ನಿಮ್ಮ ಸಜ್ಜೆಯಲ್ಲಿ ಇಡೀ ಗುಡ್ಡ ಇದೆ ಅಂದಳು, ರಂಡೆ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಮಾಲಿಯ ಉತ್ತರದಲ್ಲಿ ಹೊತ್ತಿದ ದಂಗೆಯ ಬೆಂಕಿ ಅವರ ಸೀಮೆಗೂ ಇಳಿಯಿತು. ಧರ್ಮದ ಹೆಸರು ಹೇಳುವ ಬಂದೂಕಿನವರು ಬಂದು ಶಾಲೆ ಮುಚ್ಚಿಸಿದರು. ದನ ಕಾಯುವವರೇ ಅವರಿಗೆ ಅನ್ನ ಹಾಕುತ್ತಾರೆ ಎಂದು ಬೇಸಾಯದ ಊರುಗಳೂ ಬಂದೂಕು ಹಿಡಿದವು. ಒಂದು ಬೆಳಗಿನ ಜಾವ ಫೋನಿನ ಆ ಕಡೆಯ ಹಾಲಿನವಳ ಹಟ್ಟಿ ಸುಟ್ಟುಹೋಯಿತು. ಅವಳ ಕೊನೆಯ ಮಗ ಅದರಲ್ಲಿ ಹೋದ. ಸುಡಲು ಬಂದವರಲ್ಲಿ ಅಜ್ಜಿಯ ತಮ್ಮನ ಮಕ್ಕಳಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಕೇಳಿದರೆ ತಮ್ಮ ಫೋನ್ ಇಟ್ಟುಬಿಡುತ್ತಿದ್ದ.

ಅದಾದ ಮೇಲಿನ ಭಾನುವಾರ ನಗು ಕೇಳಲಿಲ್ಲ. ನಾನೇ ಹೋಗಿ ನೋಡಿದೆ. ಅಜ್ಜಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಅವಳು ನನ್ನ ಹತ್ತಿರ ಮರ್ಯಾದೆಯಾಗಿ ಮಾತಾಡಿದಳು. ಮನೆಯವರೆಲ್ಲ ಕ್ಷೇಮವೇ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಂದಳು," ಎಂದರು. ಅಷ್ಟು ದೊಡ್ಡ ದುಃಖದಲ್ಲೂ ಒಳ್ಳೆಯ ಮಾತಾಡಿದಳಲ್ಲ ಎಂದುಬಿಟ್ಟೆ. ಅಜ್ಜಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. "ನಿನಗೆ ಏನೂ ಅರ್ಥವಾಗಲ್ಲ. ಅಪರಿಚಿತರಿಗೆ ಆಡೋ ಮಾತು ಅದು."

ಆಮೇಲೆ ಮೂರು ವರ್ಷ ಇದೇ. ಪ್ರತಿ ವಾರ ಅಜ್ಜಿ ಇಲ್ಲಿಂದ ಬೈಯುವುದು, ಅಲ್ಲಿಂದ ಆಶೀರ್ವಾದ ಬರುವುದು. ನನಗೆ ತಲೆ ಕೆಟ್ಟುಹೋಗುತ್ತಿತ್ತು. "ಅಲ್ಲ ಅಜ್ಜಿ, ಒಂದು ಸಲ ಬಾಯಿಬಿಟ್ಟು ಸಾರಿ ಅಂತ ಹೇಳಿಬಿಡಿ," ಅಂದೆ. "ಸಾರಿ ಹೇಳೋದು ಬಸ್ಸಲ್ಲಿ ಕಾಲು ತುಳಿದಾಗ," ಅಂದರು. ಆ ನಂಟಿನಲ್ಲಿ ಕ್ಷಮೆ ಕೇಳುವ ಪದ್ಧತಿಯೇ ಇಲ್ಲವಂತೆ. ಬೈದರೆ, ತಿರುಗಿ ಬೈದರೆ, ಕ್ಷಮಿಸಿದ ಹಾಗೆ. "ಸಾಯೋದರೊಳಗೆ ಅವಳು ಒಂದೇ ಒಂದು ಸಲ ನನ್ನ ಬೈಯಬೇಕು. ಬೇರೇನೂ ಬೇಡ." ದೇಶಕ್ಕೆ ದೇಶವೇ ಹೊತ್ತಿ ಉರಿಯುತ್ತಿರುವಾಗ ಈ ಇಬ್ಬರು ಮುದುಕಿಯರ ಹಟ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅದನ್ನು ಅವರಿಗೇ ಹೇಳುತ್ತಲೂ ಇದ್ದೆ.

ಅದಕ್ಕಿಂತ ಸಿಟ್ಟು ಬಂದದ್ದು ನಮ್ಮವರ ಮೇಲೆ. ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್ಕಿನಲ್ಲಿ ಈ ವಿಷಯ ಹೇಳಿದರೆ, ಒಬ್ಬರು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ, "ಆಫ್ರಿಕಾದಲ್ಲಿ ಇದೆಲ್ಲ ಮಾಮೂಲಿ ಬಿಡಿ," ಅಂದರು. ನೂರಾರು ವರ್ಷ ಬೈದಾಡಿಕೊಂಡು, ನಕ್ಕು, ಒಟ್ಟಿಗೆ ಬಾಳಿದ ಜನ ಅವರು. ಮಾಮೂಲಿಯಾಗಿದ್ದದ್ದು ಅದು. ಹೇಳೋಣವೆಂದರೆ ಅವರು ಆಗಲೇ ಕ್ಯಾಂಪ್‌ಬೆಲ್‌ನಲ್ಲಿ ಮನೆಗಳ ರೇಟು ಎಷ್ಟಾಯಿತು ಎಂಬ ಮಾತಿಗೆ ಹೋಗಿದ್ದರು.

ಚಳಿಗಾಲದಲ್ಲಿ ಅಜ್ಜಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಮಂಚದಿಂದಲೂ ಒಂದು ಭಾನುವಾರ ಫೋನ್ ಮಾಡಿಸಿ, ಉಸಿರು ಕಟ್ಟುತ್ತಿದ್ದರೂ ಬೈದರು. ದೇವರು ನಿಮಗೆ ಆರೋಗ್ಯ ಕೊಡಲಿ ಎಂದು ಉತ್ತರ ಬಂತು. ಬುಧವಾರ ಅಜ್ಜಿ ಹೋದರು.

ಹಾಲಿನವಳಿಗೆ ತಿಳಿಸಲು ಮಗಳಿಗೆ ಒಬ್ಬಳಿಗೇ ಧೈರ್ಯ ಬರಲಿಲ್ಲ. ನಮ್ಮ ಸೋಫಾದಲ್ಲಿ ಕೂತು ಫೋನ್ ಮಾಡಿದಳು, ಸ್ಪೀಕರ್ ಹಾಕಿದಳು. ವಿಷಯ ಹೇಳಿದಳು. ಆ ಕಡೆಯಿಂದ ಮುದಿ ದನಿಯೊಂದು ಶುರುವಾಯಿತು, ಜೋರಾಗಿ, ನಿಲ್ಲದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ನನಗೆ ಹೇಳುತ್ತಾ ಹೋದಳು. "ಸುಳ್ಳು ಅಂತಿದ್ದಾಳೆ. ಸತ್ತಿಲ್ಲ, ನಾಟಕ ಅಂತೆ. ಕಳೆ ಕೀಳೋ ದಿನ ಬಂದ್ರೆ ಚಿಕ್ಕಂದಿನಿಂದ್ಲೂ ಹೀಗೇ ಮಲಗಿಬಿಡೋಳು ಅಂತೆ. ಸೋಮಾರಿ ಅಂತೆ. ಕಳ್ಳಿ ಅಂತೆ, ಮೊಸರು ಕದ್ದು ತಿಂದು ಬೆಕ್ಕಿನ ಮೇಲೆ ಹಾಕೋಳಂತೆ... ಎಬ್ಬಿಸು ಅಂತಿದ್ದಾಳೆ. ಎಬ್ಬಿಸು ಅವಳನ್ನ, ನಾನು ಮಾತಾಡಬೇಕು ಅಂತಿದ್ದಾಳೆ."

ಅವರಲ್ಲಿ ಸತ್ತವರನ್ನು ಬೈದು ಕಳಿಸಿಕೊಡುವುದೂ ಇಂಥ ನೆಂಟರ ಕೆಲಸವೇ ಎಂದು ಮಗಳು ಆಮೇಲೆ ಹೇಳಿದಳು. ಅವಳು ಅತ್ತಳು, ಸಮಾಧಾನದಿಂದಲೇ ಅತ್ತಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಈಗಲೂ ಆಗಿಲ್ಲ. ಆಸ್ಪತ್ರೆಯಿಂದ ಫೋನ್ ಮಾಡಿದ ಆ ಭಾನುವಾರವೇ ಇದರಲ್ಲಿ ಒಂದು ಮಾತು, ಬರೀ ಸೋಮಾರಿ ಅಂದಿದ್ದರೂ ಸಾಕಿತ್ತಲ್ಲ. ಹಾಗೆಂದು ಮಗನನ್ನು ಕಳೆದುಕೊಂಡ ಮುದುಕಿಯ ಮೇಲೆ ಸಿಟ್ಟು ಮಾಡಲಾದೀತೇ? ಬೆಂಕಿ ಇಟ್ಟವರು ನನ್ನ ಕೈಗೆ ಸಿಗುವವರಲ್ಲ. ಸಿಟ್ಟು ಹಾಗೇ ಉಳಿದಿದೆ.

ಈಗ ಆ ದೇಶದಲ್ಲಿ ಬಂದೂಕಿನವರು ಪೆಟ್ರೋಲ್ ಲಾರಿಗಳನ್ನು ದಾರಿಯಲ್ಲೇ ಸುಡುತ್ತಿದ್ದಾರಂತೆ. ರಾಜಧಾನಿಯಲ್ಲೇ ಜನ ಕ್ಯಾನು ಹಿಡಿದು ಸಾಲುಗಟ್ಟಿ ನಿಲ್ಲುತ್ತಿದ್ದಾರೆ. ಸುದ್ದಿಯಲ್ಲಿ ಅದಕ್ಕೆ ಸಿಕ್ಕುವುದು ಅರ್ಧ ನಿಮಿಷ. ಸ್ಯಾಕ್ರಮೆಂಟೊಗೆ ಮನೆ ಬದಲಿಸಿದ ಅಜ್ಜಿಯ ಮಗಳಿಗೆ ಮೊನ್ನೆ ಫೋನ್ ಮಾಡಿ ಹಾಲಿನವಳ ಬಗ್ಗೆ ಕೇಳಿದೆ. ಆ ಕಡೆ ಟವರುಗಳೆಲ್ಲ ಹೋಗಿವೆ, ನಂಬರು ಹತ್ತುತ್ತಿಲ್ಲ ಅಂದಳು. ಮುದುಕಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಇದ್ದರೂ, ಅವಳನ್ನು ಬೈಯುವವರು ಈಗ ಯಾರೂ ಇಲ್ಲ.