ಬೆಟ್ಟಮ್ಮನ ಮಡಚದ ಬೆರಳು

ಕಿಕ್ಕೇರಿ ಕಡೆಯ ಬೆಟ್ಟಮ್ಮನ ಬಲಗೈ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಎರಡು ಬೆರಳಿನ ನರ ತುಂಡಾದವು. ದೊಡ್ಡಾಸ್ಪತ್ರೆಯಲ್ಲಿ ಹೊಲಿದು ಕಳಿಸಿದರು. ಗಾಯ ಮಾಯ್ದರೂ ತೋರುಬೆರಳು, ನಡುಬೆರಳು ಸೆಟೆದೇ ನಿಂತವು. ಮೊದಮೊದಲು ಅನ್ನ ಕಲಸಲಾಗದೆ ಗೋಡೆ ಕಡೆ ತಿರುಗಿ ಅತ್ತಳು.

ಗಂಡ ಚಿಕ್ಕಸ್ವಾಮಿ ಎಮ್ಮೆ ಕರೆಯಲು ಕಲಿತ. ಮುದ್ದೆ ಕಟ್ಟಿದ. ಬೆಳಿಗ್ಗೆ ಕಾಫಿ ಕಾಯಿಸಿ ಹಾಸಿಗೆ ಪಕ್ಕಕ್ಕೇ ತಂದಿಟ್ಟ. ಮದುವೆಯಾದಾಗಿನಿಂದ ಇಂಥ ಕಾಫಿ ಕಂಡಿರದ ಬೆಟ್ಟಮ್ಮನಿಗೆ ಅದರ ರುಚಿ ಹತ್ತಿಬಿಟ್ಟಿತು.

ಕೆ.ಆರ್. ಪೇಟೆಯಲ್ಲಿ ಫಿಸಿಯೋಥೆರಪಿ ಮಾಡುವ ಮೇಘನ ವಾರವಾರವೂ ಅವಳ ಬೆರಳಿನ ಗೆಣ್ಣಿಗೆ ಪುಟ್ಟ ಅಳತೆಪಟ್ಟಿ ಹಿಡಿದು ಎಷ್ಟು ಮಡಚುತ್ತದೆಂದು ನೋಡುತ್ತಿದ್ದಳು. ತಾನು ಹಿಡಿದು ಮಡಚಿದರೆ ಬೆರಳು ಹೆಚ್ಚುಕಮ್ಮಿ ಅಂಗೈ ಮುಟ್ಟುತ್ತಿತ್ತು. "ನೀವೇ ಮಡಚಿ" ಎಂದರೆ ಅರ್ಧಕ್ಕೇ ನಿಲ್ಲುತ್ತಿತ್ತು.

"ಆಗಾಕಿಲ್ಲ ಕಣವ್ವ," ಎಂದು ಬೆಟ್ಟಮ್ಮ ನಿಟ್ಟುಸಿರು ಬಿಡುವಳು.

ಒಂದು ದಿನ ಕ್ಲಿನಿಕ್ಕಿನ ಹೊರಗಿನ ನಲ್ಲಿ ಹತ್ತಿರ ಬೆಟ್ಟಮ್ಮ ನೆನೆದ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದುದನ್ನು ಮೇಘನ ಕಿಟಕಿಯಿಂದ ಕಂಡಳು. ಗಂಡ ಹೆಂಡತಿ ಒಳಗೆ ಬರುವಷ್ಟರಲ್ಲಿ ರಬ್ಬರ್ ಗ್ಲೌಸಿಗೆ ನೀರು ತುಂಬಿ, ಅದರ ಬೆರಳ ತುದಿಗೆ ಸೂಜಿ ಚುಚ್ಚಿ, ಕಿಟಕಿ ಸರಳಿಗೆ ಕಟ್ಟಿದಳು.

"ಚಿಕ್ಕಸ್ವಾಮಿಯವ್ರೇ, ಹಾಲು ಹೆಂಗೆ ಕರೀತೀರಿ, ತೋರ್ಸಿ ನೋಡೋಣ."

ಅವನು ಎರಡೇ ಬೆರಳಲ್ಲಿ ಹಿಡಿದು ಜಗ್ಗಿದ. ನೀರು ಮುಖಕ್ಕೇ ಚಿಮ್ಮಿತು.

"ಅಯ್ಯೋ, ಇಂಗಾ ಕರೆಯೋದು? ಆ ಎಮ್ಮೆ ಅದೆಂಗೆ ತಡ್ಕೊಂತೋ! ಸರೀರಿ ಅತ್ಲಾಗೆ!" ಬೆಟ್ಟಮ್ಮ ಗಂಡನನ್ನು ತಳ್ಳಿ, ಬಲಗೈ ಮುಷ್ಟಿ ಬಿಗಿದು ಚೊರ್ ಎಂದು ಕರೆದಳು.

ಮೇಘನಳ ಅಳತೆಪಟ್ಟಿ ಗೆಣ್ಣಿನ ಮೇಲೆ ಬಂದು ಕೂತಿತು. "ಹಂಗೇ ಹಿಡ್ಕೊಂಡಿರಿ."

ಚಿಕ್ಕಸ್ವಾಮಿ ಮುಖ ಒರೆಸುತ್ತ ಮುಷ್ಟಿಯನ್ನೇ ನೋಡಿದ. "ಏನಮ್ಮೀ! ಇಷ್ಟು ದಿನ ನನ್ ಕೈಲಿ ಮುದ್ದೆ ಕಟ್ಟಿಸ್ದಲ್ಲಾ!"

"ನೀವು ಕಾಫಿ ಚೆಂದಾಗಿ ಮಾಡ್ತೀರಿ ಕಣ್ರೀ," ಎಂದಳು ತಲೆ ತಗ್ಗಿಸಿ. "ಮುದ್ದೆ ಮಾತ್ರ ಗಂಟು."

ಸಿಟ್ಟು ಮಾಡಿಕೊಳ್ಳಲು ಹೋಗಿ ಅವನು ನಕ್ಕುಬಿಟ್ಟ.

ಮೇಘನ ಮತ್ತೆ ಅಳೆದಳು. ತೋರುಬೆರಳು ಸರಿಹೋಗಿತ್ತು. ನಡುಬೆರಳಿನ ತುದಿ ಗೆಣ್ಣು ಮಾತ್ರ ನಿಜವಾಗಿಯೂ ಪೂರ್ತಿ ಮಡಚುತ್ತಿರಲಿಲ್ಲ. "ಇದು ನಾಟಕ ಅಲ್ಲ. ಇದಕ್ಕೆ ಕರೆಯೋದೇ ವ್ಯಾಯಾಮ. ಬೆಳಿಗ್ಗೆ ನೀವು ಕರೀರಿ, ಸಂಜೆ ಕೈಗೆ ರೆಸ್ಟು ಬೇಕು."

"ಸಂಜೆಗೆ ಮತ್ತೆ ನಾನೇಯಾ?" ಚಿಕ್ಕಸ್ವಾಮಿ ಗೋಳಿಟ್ಟ.

ಮಾರನೆಯ ಬೆಳಿಗ್ಗೆ ಬೆಟ್ಟಮ್ಮ ಚೆಂಬು ಹಿಡಿದು ಕೂತರೆ ಎಮ್ಮೆ ಒದೆಯಿತು. ಅದಕ್ಕೆ ಚಿಕ್ಕಸ್ವಾಮಿಯ ಕೈಯೇ ಒಗ್ಗಿಹೋಗಿತ್ತು. ಗಂಡ ಬಂದು ಬೆನ್ನು ಸವರಿದ ಮೇಲೆ ಸುಮ್ಮನಾಯಿತು. ತನಗೆ ಸಿಗುತ್ತಿದ್ದ ಉಪಚಾರ ಈಗ ಎಮ್ಮೆಗೆ ಸಿಕ್ಕಿತೆಂದು ಬೆಟ್ಟಮ್ಮನಿಗೆ ಅದರ ಮೇಲೆ ವಾರವಿಡೀ ಹೊಟ್ಟೆಕಿಚ್ಚು.