ಲಿಫ್ಟಣ್ಣನ ಪುಡಿ ಡಬ್ಬಿ

ಮನೆ ಸಾಮಾನು ಸಾಗಿಸುವವರ ನಡುವೆ ನನ್ನ ಅಣ್ಣನಿಗೆ ಲಿಫ್ಟಣ್ಣ ಎಂದೇ ಹೆಸರು. ಲಿಫ್ಟಿಲ್ಲದ ನಾಲ್ಕನೇ ಮಹಡಿಗೂ ಫ್ರಿಜ್ಜನ್ನು ಬೆನ್ನಿಗೆ ಬಿಗಿದುಕೊಂಡು ಒಬ್ಬನೇ ಏರಿಸುತ್ತಿದ್ದ. "ಈ ಲಿಫ್ಟಿಗೆ ಕರೆಂಟ್ ಬೇಡ, ಒಂದು ಟೀ ಸಾಕು" ಎನ್ನುತ್ತಿದ್ದ.

ಆರು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಹಿಂದೆಮುಂದೆ ನೋಡದೆ ತನ್ನದೊಂದನ್ನು ಕೊಟ್ಟವನು ಅವನೇ. "ಎರಡಿತ್ತು ಕಣೇ, ಒಂದು ಸುಮ್ನೆ ಕೂತಿತ್ತು" ಎಂದು ಆಸ್ಪತ್ರೆಯ ಹಾಸಿಗೆಯಲ್ಲೇ ನಗಿಸಿದ್ದ.

ಐವತ್ತು ದಾಟಿದ ಮೇಲೆ ಮೆಟ್ಟಿಲಲ್ಲಿ ಅವನ ಕಾಲು ನಡುಗತೊಡಗಿತು. ಅದನ್ನು ನೋಡಿ ನಾನು ಜಿಮ್ಮಿನ ಪಕ್ಕದ ಅಂಗಡಿಯಿಂದ ಮೈಗೆ ಬಲ ಬರಲೆಂದು ಅಮೈನೋ ಆಸಿಡ್ ಪುಡಿಯ ಡಬ್ಬಿ ತಂದುಕೊಟ್ಟೆ, ತಿಂಗಳಿಗೊಂದು, ತಪ್ಪದೆ. ಕೊಟ್ಟವನಿಗೆ ನಾನೂ ಏನೋ ಕೊಡುತ್ತಿದ್ದೇನೆಂಬ ಜಂಬ ಬೇರೆ.

ಡಬ್ಬಿಯ ಮೇಲೆ ದಿನಕ್ಕೊಂದು ಚಮಚ ಎಂದಿತ್ತು. ಅವನು ನಾಲ್ಕು ಹಾಕುತ್ತಿದ್ದ, ನೀರು ಮಾತ್ರ ಒಂದೆರಡು ಗುಟುಕು. ಗಿರಾಕಿಗಳ ಮನೆಯಲ್ಲಿ ಬಾತ್‌ರೂಮ್ ಕೇಳಿದರೆ ಮುಖ ಸಿಂಡರಿಸುತ್ತಾರೆಂದು ಆ ಕೆಲಸದವರು ಹಗಲಲ್ಲಿ ನೀರೇ ಕುಡಿಯುವುದಿಲ್ಲ. ಮೊದಲು ಹೊಟ್ಟೆನೋವು, ಭೇದಿ. ಆಮೇಲೆ ವಾಕರಿಕೆ. "ಮೈಗೆ ಹತ್ತೋವರೆಗೂ ಹಾಗೇ ಇರುತ್ತೆ ಬಿಡು" ಎಂದ. ಪಾದ ಊದಿ ಶೂ ಹಿಡಿಸದಾದಾಗ ನಾನೇ ಒಂದು ಸೈಜು ದೊಡ್ಡದು ತಂದೆ. ನನ್ನ ಪಾದವೂ ಹೀಗೇ ಊದಿತ್ತೆಂಬುದು ತಲೆಗೆ ಹೊಳೆಯಲೇ ಇಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಿಡ್ನಿ ಕೊಟ್ಟವರಿಗೆ ವರ್ಷಕ್ಕೊಮ್ಮೆ ಮಾಡುವ ತಪಾಸಣೆಯಲ್ಲಿ ಡಾಕ್ಟರು ಅವನನ್ನು ಕೇಳಿದ್ದರು: "ಔಷಧಿ ಏನಾದ್ರೂ ತಗೊಳ್ತಿದೀರಾ?"

"ಏನೂ ಇಲ್ಲ ಸಾರ್."

ಅವನು ಸುಳ್ಳು ಹೇಳಲಿಲ್ಲ. ಪುಡಿಯನ್ನು ನಾವಿಬ್ಬರೂ ಊಟವೆಂದೇ ತಿಳಿದಿದ್ದೆವು. ಮರುವರ್ಷ ಕೆಲಸ ಕೆಡುತ್ತದೆಂದು ತಪಾಸಣೆಯನ್ನೇ ಬಿಟ್ಟ.

ಕೊನೆಗೆ ಮೆಟ್ಟಿಲಲ್ಲೇ ಕುಸಿದ. ರಕ್ತದ ವರದಿಯಲ್ಲಿ ಉಳಿದೊಂದು ಕಿಡ್ನಿಯೂ ಸೋತಿದ್ದು ಕಂಡ ಡಾಕ್ಟರು, ದಿನಾ ಏನೇನು ತಿನ್ನುತ್ತಾನೆಂದು ಕೇಳಿ, ಡಬ್ಬಿ ತರಿಸಿ ಓದಿದರು. "ಬಿಪಿನೂ ಏರಿದೆ, ಇದೊಂದೇ ಕಾರಣ ಅನ್ನೋಕಾಗಲ್ಲ. ಆದ್ರೆ ಒಂದೇ ಕಿಡ್ನಿ ಇರೋರು ನಮ್ಮನ್ನ ಕೇಳ್ದೆ ಇಷ್ಟೊಂದು ತಗೋಬಾರ್ದಿತ್ತಮ್ಮಾ. ಯಾರು ತಂದುಕೊಟ್ಟಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ನಾನೇ ತಂದೆ ಸಾರ್" ಎಂದ.

ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದು ಕಾಲದಲ್ಲಿ ನಾನು ಮಲಗುತ್ತಿದ್ದ ವಾರ್ಡಿನಲ್ಲೇ. ಮೊನ್ನೆ ಹೊಸ ನರ್ಸ್ ಫಾರಂ ತುಂಬುತ್ತ ಕೇಳಿದಳು: "ಮನೇಲಿ ಕಿಡ್ನಿ ಕೊಡೋರು ಯಾರಾದ್ರೂ ಇದಾರಾ?"

ಅಣ್ಣ ನನ್ನ ಕಡೆ ನೋಡಿ ನಕ್ಕ. "ಒಬ್ಬ ಇದ್ದ ಸಿಸ್ಟರ್. ಅವನು ಆಗ್ಲೇ ಕೊಟ್ಟಾಗಿದೆ."

ನಾನು ಕಿಬ್ಬೊಟ್ಟೆಯ ಬಲಗಡೆ ಕೈಯಿಟ್ಟುಕೊಂಡು ನಿಂತಿದ್ದೆ. ಅವನು ಕೊಟ್ಟದ್ದು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.